ಮರಕುಟಿಗಗಳ ವಂಶವೃಕ್ಷದ ಭಿತ್ತಿಪಟ: ಕೊಂಬೆಗಳು ಗಟ್ಟಿ, ಬೇರು ಸಡಿಲ

ಮರಕುಟಿಗಗಳ ವರ್ಗೀಕರಣವನ್ನೂ ಪಳೆಯುಳಿಕೆಗಳನ್ನೂ ಒಂದೇ ಹಾಳೆಯಲ್ಲಿ ತೋರಿಸುವುದಾಗಿ ಹೇಳಿಕೊಳ್ಳುವ ಈ ಭಿತ್ತಿಪಟ ನನ್ನ ಓದುವ ಮೇಜಿನ ಎದುರಿಗೆ ಬಂದು ಕೆಲವು ವಾರಗಳಾದವು. ಕಾಗದ ದಪ್ಪವಾಗಿದೆ, ಅಕ್ಷರಗಳು ದೂರದಿಂದಲೂ ಓದಲು ಬರುತ್ತವೆ.

ಪಟದ ಮೇಲ್ಭಾಗ, ಅಂದರೆ ಇಂದು ಬದುಕಿರುವ ಹಕ್ಕಿಗಳ ಭಾಗ, ನಿಜಕ್ಕೂ ಶ್ರದ್ಧೆಯಿಂದ ಸಿದ್ಧವಾಗಿದೆ. ಸುಮಾರು 240 ಪ್ರಭೇದಗಳಿರುವ ಪಿಸಿಡೇ, ಅಂದರೆ ಮರಕುಟಿಗಗಳ ಕುಟುಂಬವನ್ನು ಮೂರು ಉಪಕುಟುಂಬಗಳಾಗಿ ವಿಂಗಡಿಸಿ, ಮರ ಕೊರೆಯದೆ ಇರುವೆಗಳನ್ನು ನೆಕ್ಕಿ ಬದುಕುವ, ಎರಡೇ ಪ್ರಭೇದಗಳ ರೈನೆಕ್‌ಗಳನ್ನು ಬುಡದ ಕವಲಿನಲ್ಲಿಯೂ, ಗಾತ್ರದಲ್ಲಿ ಅತಿ ಚಿಕ್ಕವಾದ ಪಿಕ್ಯುಲೆಟ್‌ಗಳನ್ನು ಅದರ ಮೇಲೂ, ನಿಜವಾದ ಮರಕುಟಿಗಗಳನ್ನು ತುದಿಯಲ್ಲಿಯೂ ಇರಿಸಲಾಗಿದೆ. ಕುಟುಂಬದ ಅತ್ಯಂತ ಹತ್ತಿರದ ಬಂಧುಗಳು ಕುಟ್ರುಹಕ್ಕಿಗಳೋ ಟೂಕನ್‌ಗಳೋ ಅಲ್ಲ, ಜೇನುಗೂಡಿನ ದಾರಿ ತೋರಿಸುವ ಹನಿಗೈಡ್‌ಗಳು ಎಂಬುದನ್ನೂ ಸರಿಯಾಗಿ ಗುರುತಿಸಿದ್ದಾರೆ.

ನನಗೆ ಅತ್ಯಂತ ಮೆಚ್ಚಿಗೆಯಾದದ್ದು ವೇಷಸಾಮ್ಯದ ಮೂಲೆ. ಹೊನ್ನಬಣ್ಣದ ಬೆನ್ನಿರುವ ಡೈನೋಪಿಯಂ ಮತ್ತು ಕ್ರೈಸೊಕೊಲ್ಯಾಪ್ಟಿಸ್ ಕುಲಗಳ ಹಕ್ಕಿಗಳನ್ನು ಪಕ್ಕಪಕ್ಕದಲ್ಲಿ ಕಂಡವರು ಒಡಹುಟ್ಟಿದವೆಂದೇ ಭಾವಿಸುತ್ತಾರೆ; ಆದರೆ ಎರಡನೆಯದರ ನಂಟು ಇರುವುದು ಅಮೆರಿಕದ ಬೃಹತ್ ಕ್ಯಾಂಪೆಫಿಲಸ್‌ಗಳೊಂದಿಗೆ. ದಕ್ಷಿಣ ಅಮೆರಿಕದ ಶಿರಸ್ತ್ರಾಣದ ಮರಕುಟಿಗವನ್ನು ಕೆಂಪು ಜುಟ್ಟಿನ ಕಾರಣದಿಂದ ಬಹುಕಾಲ ಡ್ರಯೊಕೊಪಸ್ ಕುಲಕ್ಕೆ ಸೇರಿಸಲಾಗಿತ್ತು. 2015ರ ಡಿಎನ್‌ಎ ಅಧ್ಯಯನ ಅದನ್ನು ಸೀಲಿಯಸ್ ಕುಲದೊಳಕ್ಕೆ ತಂದಿತು. ಗರಿಯ ಬಣ್ಣವನ್ನು ನಂಬಿ ವಂಶ ಹೇಳಬಾರದೆಂಬುದಕ್ಕೆ ಇವಕ್ಕಿಂತ ಒಳ್ಳೆಯ ಉದಾಹರಣೆಗಳು ಸಿಗುವುದು ಕಷ್ಟ.

ಕೆಳಭಾಗದಲ್ಲಿ ಮಾತ್ರ ಪಟ ದಾರಿ ತಪ್ಪುತ್ತದೆ. ಜರ್ಮನಿಯ ಫ್ರೌವೆನ್‌ವೈಲರ್‌ನಲ್ಲಿ ದೊರೆತ, 2005ರಲ್ಲಿ ವಿವರಿಸಲ್ಪಟ್ಟ ರುಪೆಲ್‌ರ‍್ಯಾಂಫಾಸ್ಟಾಯ್ಡಿಸ್ ಎಂಬ ಪುಟ್ಟ ಹಕ್ಕಿಗೆ ‘ಮೊದಲ ಮರಕುಟಿಗ’ ಎಂಬ ಹಣೆಪಟ್ಟಿ ಕಟ್ಟಿದ್ದಾರೆ. ಸುಮಾರು 3 ಕೋಟಿ ವರ್ಷಗಳಷ್ಟು ಹಳೆಯದಾದ ಅದು ಮರಕುಟಿಗ, ಕುಟ್ರುಹಕ್ಕಿ, ಟೂಕನ್‌ಗಳೆಲ್ಲ ಸೇರಿದ ದೊಡ್ಡ ಗುಂಪಿನ ಹಳೆಯ ಬಂಧುವೇ ಹೊರತು ಈ ಕುಟುಂಬದ ಸದಸ್ಯನಲ್ಲ. ಕುಟುಂಬದ ಹಳೆಯ ಗುರುತುಗಳಲ್ಲಿ ಫ್ರಾನ್ಸಿನ ಸೋಲ್ಸೆಯ ಆದಿ ಮಯೊಸೀನ್ ಕಾಲದ (ಸುಮಾರು 2 ಕೋಟಿ ವರ್ಷಗಳ ಹಿಂದಿನ) ಪಿಕ್ಯುಲಾಯ್ಡಿಸ್ ಒಂದು, ಡೊಮಿನಿಕನ್ ಗಣರಾಜ್ಯದ ಅಂಬರಿನೊಳಗೆ, ಅಂದರೆ ಕಲ್ಲಾಗಿ ಗಟ್ಟಿಯಾದ ಮರದ ರಾಳದೊಳಗೆ, ಉಳಿದುಬಂದ ಒಂದೇ ಒಂದು ಗರಿ ಇನ್ನೊಂದು. ಕೆರಿಬಿಯನ್‌ನ ಆಂಟಿಲೀಸ್ ದ್ವೀಪಗಳ ಪಿಕ್ಯುಲೆಟ್‌ಗೆ ಹೋಲುವ ಆ ಗರಿಯ ವಿವರ 1994ರಲ್ಲೇ ಪ್ರಕಟವಾಗಿದ್ದರೂ ಪಟದಲ್ಲಿ ಅದರ ಸುಳಿವೇ ಇಲ್ಲ.

ಇನ್ನೊಂದು ತಪ್ಪು ನಗು ತರಿಸುವಂಥದ್ದು. 2012ರಲ್ಲಿ ನೆಲ್ಸನ್ ಮಂಡೇಲಾ ಅವರ ಹೆಸರಿನಲ್ಲಿ ನಾಮಕರಣಗೊಂಡ ಆಸ್ಟ್ರಲೊಪಿಕಸ್ ನೆಲ್ಸನ್‌ಮಂಡೇಲಾಯ್, ದಕ್ಷಿಣ ಆಫ್ರಿಕಾದ ಲಾಂಗೆಬಾನ್‌ವೆಗ್‌ನ ಆದಿ ಪ್ಲಿಯೊಸೀನ್ ಕಾಲದ (ಸುಮಾರು 50 ಲಕ್ಷ ವರ್ಷಗಳ ಹಿಂದಿನ) ಮರಕುಟಿಗ. ‘ಆಸ್ಟ್ರಲೊ’ ಎಂದರೆ ದಕ್ಷಿಣದ್ದು ಎಂದಷ್ಟೇ ಅರ್ಥ. ಪಟ ಮಾಡಿದವರು ಅದನ್ನು ನಕ್ಷೆಯಲ್ಲಿ ಆಸ್ಟ್ರೇಲಿಯಾದ ಮೇಲೆ ಕೂರಿಸಿದ್ದಾರೆ, ಅದೂ ಇಂದು ಒಂದೂ ಮರಕುಟಿಗವಿಲ್ಲದ ಖಂಡದ ಮೇಲೆ! ಮಂಡೇಲಾ ಎಂಬ ಹೆಸರಾದರೂ ಅವರನ್ನು ಎಚ್ಚರಿಸಬೇಕಿತ್ತು.

ಇದಕ್ಕಿಂತ ಗಂಭೀರವಾದದ್ದು ಚಿತ್ರಗಳ ವಿಷಯ. ಹಗುರವಾದ ಮೂಳೆಗಳು ಕಾಡಿನ ಮಣ್ಣಿನಲ್ಲಿ ಬೇಗ ಕರಗಿಹೋಗುವುದರಿಂದ ಇವುಗಳ ಪಳೆಯುಳಿಕೆಗಳು ಬಹುತೇಕ ಬಿಡಿ ಮೂಳೆಗಳ ರೂಪದಲ್ಲಿ ಮಾತ್ರ ಸಿಗುತ್ತವೆ. ಪಟದಲ್ಲಿ ಅಂಥ ಹಕ್ಕಿಗಳಿಗೂ ಕೆಂಪು ಜುಟ್ಟು, ಕಪ್ಪುಬಿಳಿ ಪಟ್ಟೆ ಬಳಿದು ಮರದ ಕಾಂಡಕ್ಕೆ ಅಂಟಿಸಲಾಗಿದೆ. ಬಣ್ಣ ಮೋಸ ಮಾಡುತ್ತದೆಂದು ಮೇಲೆ ಕಲಿಸಿ, ಕೆಳಗೆ ಬಣ್ಣವನ್ನೇ ಕಲ್ಪಿಸಿಕೊಂಡಿದ್ದಾರೆ. ದೊರೆತ ಮೂಳೆಯ ಆಕಾರವನ್ನಷ್ಟೇ ಬರೆದು, ಊಹೆಯ ಕವಲುಗಳಿಗೆ ಚುಕ್ಕಿಗೆರೆ ಹಾಕಿದ್ದರೆ ಸಾಕಿತ್ತು.

ಬದುಕಿರುವ ಮರಕುಟಿಗಗಳ ಸಂಬಂಧ ಅರಿಯಬೇಕಾದವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಪಳೆಯುಳಿಕೆಗಳಿಗಾಗಿ ಕೊಳ್ಳುವವರು ತಿದ್ದಿದ ಆವೃತ್ತಿ ಬರುವವರೆಗೆ ಕಾಯುವುದು ಲೇಸು. ನಾನಂತೂ ಆಸ್ಟ್ರೇಲಿಯಾದ ಮೇಲಿನ ಹಕ್ಕಿಗೆ ಕಾಗದದ ತುಂಡೊಂದನ್ನು ಅಂಟಿಸಿ, ಆಫ್ರಿಕಾದ ತುದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದೇನೆ.