ಮಿನಿಕಾಯ್ ನೋಡಲಿಕ್ಕಾದರೂ ಈ ಹಡಗು ಹತ್ತಿ

ಮಂಗಳೂರಿನ ಬಂದರಿನಲ್ಲಿ ನನ್ನ ಅಪ್ಪನಿಗೆ ಹಗ್ಗದ ಅಂಗಡಿ ಇತ್ತು. ಲಕ್ಷದ್ವೀಪದವರು ಮಂಜಿಯಲ್ಲಿ, ಅಂದರೆ ಹಾಯಿಯ ಸರಕು ದೋಣಿಯಲ್ಲಿ, ತೆಂಗಿನ ನಾರು, ಕೊಬ್ಬರಿ ತಂದು ಇಳಿಸಿ, ಅಕ್ಕಿ ತುಂಬಿಸಿಕೊಂಡು ಹೋಗುತ್ತಿದ್ದರು. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅಂತ ಅಪ್ಪ ಆಗಾಗ ಹೇಳುತ್ತಿದ್ದರು. ಆ ಲಕ್ಷದ್ವೀಪಕ್ಕೆ ನಾನು ಹೋಗಿದ್ದು ಅರವತ್ತು ದಾಟಿದ ಮೇಲೆ, ಫೆಬ್ರವರಿಯಲ್ಲಿ.

ಕೊಚ್ಚಿಯಿಂದ ಐದು ದಿನದ ಹಡಗು ಪ್ಯಾಕೇಜ್. ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ನಿದ್ದೆ ಹಡಗಿನಲ್ಲಿ. ದ್ವೀಪಕ್ಕೆ ಹೋಗುವ ಪರ್ಮಿಟ್ ಇಲ್ಲದೆ ಹತ್ತಿಸುವುದಿಲ್ಲ. ನಮಗೆ ಅದನ್ನು ಮಾಡಿಸಿಕೊಟ್ಟ ಏಜೆಂಟರು ನಮ್ಮವರ ಹೆಸರನ್ನೇ ತಪ್ಪು ಬರೆಸಿದ್ದರು. ಹೊರಡುವ ಹಿಂದಿನ ದಿನದವರೆಗೂ ಓಡಾಟ. ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಕಲ್ಪೇನಿಯಲ್ಲಿ ಹಡಗು ದಡಕ್ಕೆ ಬರಲಿಲ್ಲ, ದೂರದಲ್ಲೇ ನಿಂತಿತು. ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಒಮ್ಮೆ ನಮ್ಮ ಕಾಲಿನ ಮಟ್ಟಕ್ಕೆ ಏಳುತ್ತದೆ, ಮರುಕ್ಷಣ ಒಂದಾಳು ಕೆಳಗೆ ಇಳಿಯುತ್ತದೆ. ನನಗೆ ಮಂಡಿ ನೋವು, ಕಾಲು ನಡುಗುತ್ತಿತ್ತು. ದೋಣಿಯ ಹುಡುಗರಿಬ್ಬರು ನನ್ನ ಎರಡೂ ತೋಳು ಗಟ್ಟಿಯಾಗಿ ಹಿಡಿದು, ಅಲೆ ಎದ್ದ ಹೊತ್ತಿಗೆ ಸರಿಯಾಗಿ, ಮಗುವನ್ನು ಎತ್ತಿಕೊಂಡ ಹಾಗೆ ಒಳಗೆ ಇಳಿಸಿದರು. ಅವರಿಗೆ ನನ್ನ ನಮಸ್ಕಾರ. ಕಲ್ಪೇನಿಯ ಲಗೂನಿನ (ಹವಳದ ದಂಡೆಯ ಒಳಗಿನ ಶಾಂತ ಕಡಲು) ನೀರು, ಹವಳ, ಮೀನು ಎಲ್ಲ ಚಂದವೇ. ಕವರತ್ತಿಯಲ್ಲಿ ಉಜ್ರಾ ಮಸೀದಿಯ ಮರದ ಕೆತ್ತನೆಯ ಛಾವಣಿ ತಪ್ಪಿಸಬೇಡಿ.

ಆದರೆ ನನ್ನ ಮನಸ್ಸು ನಿಂತಿದ್ದು ಮಿನಿಕಾಯ್‌ನಲ್ಲಿ.

ಅದು ಉಳಿದ ದ್ವೀಪಗಳಿಂದ ಬೇರೆಯಾಗಿ, ಒಂಬತ್ತು ಡಿಗ್ರಿ ಕಾಲುವೆ ಅಂತ ಕರೆಯುವ ಅಗಲವಾದ ಕಡಲಿನ ಆಚೆ, ತೆಂಕಣ ತುದಿಯಲ್ಲಿದೆ. ಆ ರಾತ್ರಿ ಹಡಗು ಜಾಸ್ತಿ ಅಲ್ಲಾಡಿತು, ವಾಂತಿ ಮಾತ್ರೆ ಇಟ್ಟುಕೊಳ್ಳಿ. ಬೇರೆ ದ್ವೀಪಗಳಲ್ಲಿ ಮಲಯಾಳಂ ಥರದ ಮಾತು, ಇಲ್ಲಿ ಮಹಲ್ ಅನ್ನುವ ಭಾಷೆ. ಮಾಲ್ಡೀವ್ಸ್‌ನ ಭಾಷೆಗೆ ಹತ್ತಿರ, ಬಲದಿಂದ ಎಡಕ್ಕೆ ಬರೆಯುತ್ತಾರೆ. ಗಂಡಸರಲ್ಲಿ ತುಂಬಾ ಜನ ದೊಡ್ಡ ಹಡಗುಗಳಲ್ಲಿ ಕೆಲಸಕ್ಕೆ ಹೋಗುವವರು. ಹಾಗಾಗಿ ಊರಿನ ಕೆಲಸದಲ್ಲಿ ಹೆಂಗಸರ ಕೈ ಎಲ್ಲೆಲ್ಲೂ ಕಾಣುತ್ತದೆ.

ಸಮುದ್ರದ ದಂಡೆಯಲ್ಲಿ ಒಬ್ಬ ಹಿರಿಯರು ಗಾಳದ ಕೋಲು ತೋರಿಸಿದರು. ಕೊಕ್ಕೆಗೆ ಮೀನು ಜಾರದಂತೆ ತಡೆಯುವ ಮುಳ್ಳಿಲ್ಲ. ಜೀವಂತ ಸಣ್ಣ ಮೀನನ್ನು ನೀರಿಗೆ ಎಸೆದು, ಮೇಲಿಂದ ನೀರು ಚಿಮ್ಮಿಸುತ್ತಾರೆ. ಮೀನಿನ ಹಿಂಡು ಸೇರಿದೆ ಅಂದುಕೊಂಡು ಟ್ಯೂನಾ ನುಗ್ಗಿ ಬರುತ್ತದೆ. ಕೋಲೆತ್ತಿದರೆ ಮೀನು ಹಾರಿ ಬಂದು ದೋಣಿಯಲ್ಲಿ ಬೀಳುತ್ತದೆ, ಕೊಕ್ಕೆ ತಾನೇ ಬಿಡುತ್ತದೆ. ಬಲೆ ಇಲ್ಲ, ಒಂದೊಂದೇ ಮೀನು. ನಮ್ಮ ಕರಾವಳಿಯಲ್ಲಿ ಬಲೆಗೆ ಬಿದ್ದ ಮರಿಮೀನಿನ ರಾಶಿ ನೋಡಿದವಳು ನಾನು. ಅಲ್ಲೇ ನಿಂತು ಇನ್ನೊಮ್ಮೆ ತೋರಿಸಿ ಎಂದೆ.

ಅದೇ ಟ್ಯೂನಾವನ್ನು ಉಪ್ಪು ನೀರಲ್ಲಿ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದರೆ ಮಾಸ್. ಕಪ್ಪಗೆ, ಕಟ್ಟಿಗೆಯ ತುಂಡಿನ ಹಾಗೆ. ಎರಡು ತುಂಡು ಹೊಡೆದರೆ ಠಕ್ ಅನ್ನುತ್ತದೆ. ಮೂಗಿನ ಹತ್ತಿರ ಹಿಡಿದರೆ ಹೊಗೆಯ ವಾಸನೆಯೇ ಮುಂದೆ, ಮೀನಿನದು ಹಿಂದೆ.

1885ರ ದೀಪಸ್ತಂಭಕ್ಕೂ ಹತ್ತಿದೆ, ಅಲ್ಲಲ್ಲಿ ಕೂತು ಕೂತು. ಮೇಲಿಂದ ನೋಡಿದರೆ ದ್ವೀಪ ಬಿದಿಗೆ ಚಂದ್ರನ ಹಾಗೆ ಬಾಗಿದೆ, ಒಳಗೆ ತಿಳಿ ಹಸಿರು ನೀರು, ಹೊರಗೆ ಕಡುನೀಲಿ. ಸುಮ್ನೆ ನಿಂತುಬಿಟ್ಟೆ.

ಒಂದೇ ಬೇಸರ: ಮಿನಿಕಾಯ್‌ಗೆ ಸಿಕ್ಕಿದ್ದು ಕೆಲವೇ ಗಂಟೆ. ಅಷ್ಟು ದೂರ ಹೋಗಿ ಒಂದು ರಾತ್ರಿಯಾದರೂ ಉಳಿಯಬೇಕು ಅಲ್ವಾ? ಪ್ಯಾಕೇಜ್ ಮಾಡುವವರು ಇದನ್ನು ದಯವಿಟ್ಟು ಯೋಚಿಸಲಿ. ಹೋಗುವವರು ಮಳೆಗಾಲ ಬಿಟ್ಟು ಹೋಗಿ, ಕೈಯಲ್ಲಿ ನಗದು ಇರಲಿ.

ತಂದ ಮಾಸ್‌ನಲ್ಲಿ ಅರ್ಧ ತುಂಡು ಇನ್ನೂ ಡಬ್ಬಿಯಲ್ಲಿದೆ. ನಿನ್ನೆ ಸ್ವಲ್ಪ ಕೆತ್ತಿ, ಕಾಯಿತುರಿ, ಒಣಮೆಣಸು, ಹುಳಿ ಹಾಕಿ ಕಲ್ಲಿನಲ್ಲಿ ಅರೆದೆ. ನಮ್ಮವರು ಎರಡನೇ ಸಲ ಗಂಜಿ ಬಡಿಸಿಕೊಂಡರು.