ನೂಲು ಸುತ್ತುವ ಕೈಯಂತ್ರ: ಮುಂಬೈ ಹತ್ತಿರದ ಡೊಂಬಿವಲಿ ಮನೆಯಲ್ಲಿ ನಾಲ್ಕು ವರ್ಷದ ಬಳಕೆ

2021ರ ದೀಪಾವಳಿ ಹೊತ್ತಿಗೆ ಈ ಯಂತ್ರ ತರಿಸಿಕೊಂಡೆ. ಬೆಲೆ 1,650 ರೂಪಾಯಿ. ಅಷ್ಟು ದುಡ್ಡಿಗೆ ಒಳ್ಳೆಯ ಉಲ್ಲನ್ನೇ ಬರುತ್ತಿತ್ತಲ್ಲ ಎಂದು ಎರಡು ವಾರ ಯೋಚಿಸಿದ್ದೆ. ಆವತ್ತಿನಿಂದ ಇದು ನಮ್ಮ ಊಟದ ಮೇಜಿನ ಅಂಚಿನಲ್ಲಿ ವಾರಕ್ಕೊಮ್ಮೆಯಾದರೂ ಕೂರುತ್ತದೆ. ತಿಂಗಳಿಗೆ ಸುಮಾರು ಅರ್ಧ ಕಿಲೋ ನೂಲು ಸುತ್ತುತ್ತೇನೆ. ಗಣಪತಿ ಹಬ್ಬದ ಮುಂಚೆ ನೂಲಿನ ತೋರಣ, ರಂಗೋಲಿ ಮ್ಯಾಟ್ ಹೆಣೆದು ಕೊಡಿ ಎಂದು ಕೇಳುವವರು ಜಾಸ್ತಿ, ಆಗ ಒಂದು ಕಿಲೋ ದಾಟುತ್ತದೆ. ಹೊಸತರಲ್ಲಿ ಬರೆಯುವ ವಿಮರ್ಶೆಗೂ ಇಷ್ಟು ಕಾಲ ಬಳಸಿ ಬರೆಯುವುದಕ್ಕೂ ವ್ಯತ್ಯಾಸ ಇರುತ್ತದೆ, ಅಲ್ವಾ? ಅದಕ್ಕೇ ಈಗ ಬರೆಯುತ್ತಿದ್ದೇನೆ.

ನೋಡದವರಿಗೆ ಹೇಳುವುದಾದರೆ, ಇದು ಮೇಜಿನ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿಯುವ ಪ್ಲಾಸ್ಟಿಕ್ ಸಾಮಾನು. ಒಂದು ಹಿಡಿಕೆ, ಒಳಗೆ ಹಲ್ಲಿನ ಚಕ್ರಗಳು, ಮೇಲೆ ಓರೆಯಾಗಿ ನಿಂತ ಒಂದು ಗೂಟ, ನೂಲು ಹಾಯಿಸಲು ತಂತಿಯ ಕೊಂಡಿ. ಹಿಡಿಕೆ ತಿರುಗಿಸಿದರೆ ಗೂಟ ತೊನೆದಾಡುತ್ತಾ ಸುತ್ತುತ್ತದೆ. ನೂಲು ಅಡ್ಡಡ್ಡವಾಗಿ ಕೂತು ಚಪ್ಪಟೆ ತಳದ ಉಂಡೆ ಆಗುತ್ತದೆ. ಇದಕ್ಕೆ ಎಲ್ಲರೂ ಕೇಕ್ ಎನ್ನುತ್ತಾರೆ. ಕೇಕ್‌ನ ನಡುವಿನಿಂದಲೂ ನೂಲು ಎಳೆಯಬಹುದು, ಹೊರಗಿನಿಂದಲೂ ಎಳೆಯಬಹುದು. ನೂರು ಗ್ರಾಂ ಸುತ್ತಲು ನನಗೆ ಐದಾರು ನಿಮಿಷ ಸಾಕು.

ಧಾರವಾಡದಲ್ಲಿ ಅವ್ವ ಲಡಿಯನ್ನು, ಅಂದರೆ ದೊಡ್ಡ ಬಳೆಯಂತೆ ಸುತ್ತಿ ಕಟ್ಟಿದ ನೂಲನ್ನು, ನನ್ನ ಎರಡೂ ಕೈಗೆ ಹಾಕಿ ತಾನು ಉಂಡೆ ಸುತ್ತುತ್ತಿದ್ದಳು. ಚಳಿಗಾಲದ ಸಂಜೆ ಅದು ನನ್ನ ಪಾಲಿನ ಕೆಲಸ. ಇಲ್ಲಿ ಬೆಳಿಗ್ಗೆ ಏಳಕ್ಕೇ ಮನೆ ಖಾಲಿ. ಕೈ ಚಾಚಿ ಕೂರಲು ಯಾರಿಗೆ ಪುರಸೊತ್ತು? ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಲಡಿ ಹಾಕುತ್ತೇನೆ. ಲಡಿ ಬಿಚ್ಚಿ ಹಿಡಿಯುವ ಕೊಡೆಯಂಥ ಚಕ್ರವೂ ಸಿಗುತ್ತದೆ. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಜಾಗ ಇಲ್ಲ. ಕುರ್ಚಿಯಲ್ಲೇ ಕೆಲಸ ಚೆನ್ನಾಗಿ ನಡೆದಿದೆ.

ಮೊದಲ ಲಾಭ ಲೋಕಲ್ ಟ್ರೇನಿನಲ್ಲಿ ಸಿಕ್ಕಿತು. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿದರೆ ಕೂರಲು ಜಾಗ ಸಿಗುತ್ತದೆ. ಬೈಕುಲ್ಲಾವರೆಗೆ ಒಂದು ಗಂಟೆಗೂ ಮೇಲೆ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಕೆ, ಹಾಕಬಹುದು. ಒಂದು ಸಲ ಗುಂಡನೆಯ ಉಂಡೆ ಕೈ ಜಾರಿ ಬೆಂಚಿನ ಕೆಳಗೆ ಉರುಳಿತು. ಮುಂಬ್ರಾ ದಾಟುವವರೆಗೆ ಎಂಟು ಹತ್ತು ಜನ ಕಾಲೆತ್ತಿ ಕೊಟ್ಟರು. ಬಿಳಿ ನೂಲು, ಮಳೆಗಾಲ. ಆ ಉಂಡೆ ಮತ್ತೆ ಬಿಳಿ ಆಗಲೇ ಇಲ್ಲ. ಕೇಕ್ ಚೀಲದಲ್ಲಿ ಕೂತಲ್ಲೇ ಕೂತಿರುತ್ತದೆ. ಟ್ರೇನು ಎಷ್ಟು ಕುಲುಕಿದರೂ ಅಲುಗುವುದಿಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಎಷ್ಟೋ ವರ್ಷ ನನ್ನ ಕೈಯ ತಪ್ಪು ಎಂದುಕೊಂಡಿದ್ದರಲ್ಲಿ ಅರ್ಧ ಕೈಯದಾಗಿರಲಿಲ್ಲ. ನೂಲು ಕೈಗೆ ಬರುವ ದಾರಿಯಲ್ಲೇ ತೊಂದರೆ ಇತ್ತು.

ನನ್ನ ಹೆಣಿಕೆ ಒಂದೇ ಸಮ ಬರುತ್ತಿರಲಿಲ್ಲ. ನಾಲ್ಕು ಸಾಲು ಸಡಿಲ, ಆಮೇಲೆ ಎರಡು ಸಾಲು ಬಿಗಿ. ಮಫ್ಲರ್ ನಡುವೆ ಸೊಂಟ ಬಂದಂತೆ ಕಾಣುತ್ತಿತ್ತು. ಕಡ್ಡಿ ಬದಲಾಯಿಸಿದೆ, ಬೆರಳಿಗೆ ನೂಲು ಸುತ್ತುವ ರೀತಿ ಬದಲಾಯಿಸಿದೆ. ಪ್ರಯೋಜನ ಆಗಲಿಲ್ಲ. ಕೇಕ್‌ನಿಂದ ಹಾಕತೊಡಗಿದ ಮೇಲೆ ಕಾರಣ ತಿಳಿಯಿತು. ಅಂಗಡಿಯ ಉಂಡೆ ಪ್ರತಿ ಎರಡು ಮೂರು ಮಾರಿಗೆ ಒಮ್ಮೆ ತಡೆಯುತ್ತಿತ್ತು. ನಾನು ಗೊತ್ತಿಲ್ಲದೇ ಜಗ್ಗುತ್ತಿದ್ದೆ. ಜಗ್ಗಿದಾಗೆಲ್ಲ ಕಡ್ಡಿಯ ಮೇಲಿನ ಕುಣಿಕೆ ಬಿಗಿಯುತ್ತಿತ್ತು. ಒಂದೇ ನೂಲು, ಅದೇ 4 ಮಿಲಿಮೀಟರ್ ಕಡ್ಡಿ ಇಟ್ಟುಕೊಂಡು 20 ಕಂಬದ (ಕ್ರೋಶಾದ ಒಂದೊಂದು ಹೊಲಿಗೆಗೆ ಕಂಬ ಎನ್ನುತ್ತೇವೆ) ಎರಡು ತುಂಡು ಹಾಕಿ ಅಳೆದೆ. ಉಂಡೆಯಿಂದ ಹಾಕಿದ್ದು ಒಂದೊಂದು ಸಾಲಿಗೆ ಒಂದೊಂದು ಅಳತೆ. ಕೇಕ್‌ನಿಂದ ಹಾಕಿದ್ದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆ. ಆವತ್ತು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಎರಡನೆಯದು ಗಂಟು. ಕಾರ್ಖಾನೆಯಲ್ಲಿ ನೂಲು ತುಂಡಾದರೆ ಗಂಟು ಹಾಕಿ ಮುಂದುವರಿಸುತ್ತಾರೆ. ಒಂದು ಸಲ ನೂರು ಗ್ರಾಂ ಉಂಡೆಯಲ್ಲಿ ಮೂರು ಗಂಟು ಸಿಕ್ಕವು. ಮೊದಲಾದರೆ ಅದು ಹೆಣಿಕೆಯ ನಟ್ಟನಡುವೆ ಎದುರಾಗುತ್ತಿತ್ತು. ಈಗ ಸುತ್ತುವಾಗ ಎಡಗೈಯ ಎರಡು ಬೆರಳ ನಡುವೆ ನೂಲು ಹಾಯಿಸುತ್ತೇನೆ. ಗಂಟು, ದಪ್ಪಗಾದ ಜಾಗ, ಎಳೆ ಕಿತ್ತ ಜಾಗ ಎಲ್ಲ ಬೆರಳಿಗೇ ಗೊತ್ತಾಗುತ್ತದೆ. ಗಂಟು ಬಂದಲ್ಲಿ ಕತ್ತರಿಸಿ ಎರಡು ಕೇಕ್ ಮಾಡುತ್ತೇನೆ. ಸಾಲಿನ ತುದಿಯಲ್ಲಿ ಹೊಸ ನೂಲು ಸೇರಿಸುತ್ತೇನೆ, 15 ಸೆಂಟಿಮೀಟರ್ ಬಾಲ ಬಿಟ್ಟು. ಆ ಬಾಲವನ್ನು ದಪ್ಪ ಸೂಜಿಯಿಂದ ಒಂದು ಕಡೆಗೆ ಹಾಯಿಸಿ, ತಿರುಗಿಸಿ ವಾಪಸ್ ತಂದು, ಮತ್ತೊಮ್ಮೆ ತಿರುಗಿಸಿದರೆ ಎಷ್ಟು ಒಗೆದರೂ ಬಿಚ್ಚುವುದಿಲ್ಲ. ಕಾಟನ್‌ಗೆ ಇದು ಬೇಕೇ ಬೇಕು. ಅದು ಅಕ್ರಿಲಿಕ್ ಎಂಬ ಕೃತಕ ನೂಲಿಗಿಂತ ಬೇಗ ಜಾರಿ ಹೊರಬರುತ್ತದೆ.

ನೂಲಿನ ಬಣ್ಣವೂ ಸುತ್ತುವಾಗ ಕಣ್ಣಿಗೆ ಬೀಳುತ್ತದೆ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಒಮ್ಮೆ ಆರು ಮೆರೂನ್ ಉಂಡೆ ತಂದಿದ್ದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲ ಒಂದೇ. ಮನೆಯ ಕಿಟಕಿ ಪಕ್ಕ ಸುತ್ತಿ ಸಾಲಾಗಿ ಇಟ್ಟಾಗ ಎರಡು ಬೇರೆ ಕಂಡವು. ಲೇಬಲ್ ನೋಡಿದರೆ ಲಾಟ್ ನಂಬರ್ ಬೇರೆ. ಒಂದೇ ಸಲ ಬಣ್ಣದಲ್ಲಿ ಅದ್ದಿದ ನೂಲಿಗೆ ಮಾತ್ರ ಒಂದೇ ಲಾಟ್ ನಂಬರ್ ಇರುತ್ತದೆ. ಅಂಗಡಿಗೆ ವಾಪಸ್ ಹೋಗಲಿಲ್ಲ. ಎರಡು ಸಾಲು ಈ ಕೇಕ್‌ನಿಂದ, ಎರಡು ಸಾಲು ಆ ಕೇಕ್‌ನಿಂದ ಹಾಕಿದೆ. ವ್ಯತ್ಯಾಸ ಕರಗಿಹೋಯಿತು. ಈಗ ಕೊಳ್ಳುವಾಗಲೇ ಲೇಬಲ್ ಓದುತ್ತೇನೆ.

ಇನ್ನು ಬಣ್ಣ ಬಿಡುವುದು. ಇದಕ್ಕೆ ಯಂತ್ರ ಏನೂ ಮಾಡಲಾರದು. 2022ರಲ್ಲಿ ಕೆಂಪು ಬಿಳಿ ಕಾಟನ್ ತೋರಣ ಮಾಡಿಕೊಟ್ಟಿದ್ದೆ. ಮೊದಲ ಒಗೆತಕ್ಕೇ ಬಿಳಿಯೆಲ್ಲ ಗುಲಾಬಿ. ಪಕ್ಕದ ಮನೆಯ ಕಾಕು ಏನೂ ಅನ್ನಲಿಲ್ಲ, ನನಗೇ ಸಂಕಟ ಆಯಿತು. ಈಗ ಗಾಢ ಬಣ್ಣದ ಕಾಟನ್ ತಂದ ದಿನವೇ ಒಂದು ತುಂಡು ನೂಲನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಹಿಂಡಿ ನೋಡುತ್ತೇನೆ. ಬಣ್ಣ ಹತ್ತಿದರೆ ಲಡಿಯನ್ನೇ ತಣ್ಣೀರಿನಲ್ಲಿ ನಾಲ್ಕೈದು ಸಲ ಜಾಲಿಸಿ, ಪೂರ್ತಿ ಒಣಗಿಸಿ, ಆಮೇಲೆ ಸುತ್ತುತ್ತೇನೆ. ವಿನೆಗರ್ ಹಾಕಿ ಅಂತ ತುಂಬ ಜನ ಹೇಳುತ್ತಾರೆ. ಉಣ್ಣೆ, ರೇಷ್ಮೆಯ ಕೆಲವು ಬಣ್ಣಗಳಿಗೆ ಹುಳಿ ಬೇಕು, ನಿಜ. ಕಾಟನ್‌ಗೆ ಹಾಕುವ ಬಣ್ಣವೇ ಬೇರೆ, ಅದಕ್ಕೆ ವಿನೆಗರ್ ಪ್ರಯೋಜನ ಇಲ್ಲ. ಎಷ್ಟು ಜಾಲಿಸಿದರೂ ಬಣ್ಣ ಬಿಡುವ ನೂಲನ್ನು ಬಿಳಿ ಜೊತೆ ಸೇರಿಸಬೇಡಿ.

ನಾನು ಮಾಡಿದ ಎರಡು ತಪ್ಪು ಹೇಳುತ್ತೇನೆ. ಯಂತ್ರ ಕೊಂಡವರೆಲ್ಲ ಮೊದಲು ಇದೇ ಮಾಡುತ್ತಾರೆ ಅನಿಸುತ್ತದೆ.

ಒಂದು, ಬಿಗಿಯಾಗಿ ಸುತ್ತಿದ್ದು. ಕೇಕ್ ನೋಡಲು ಗಟ್ಟಿಯಾಗಿ ಚೆಂದ ಕಾಣುತ್ತದೆ. ಆದರೆ ಎಳೆದು ಸುತ್ತಿದ ನೂಲು ಹಿಗ್ಗಿಯೇ ಇರುತ್ತದೆ. ಹೆಣೆದು ಒಗೆದ ಮೇಲೆ ತನ್ನ ಅಳತೆಗೆ ವಾಪಸ್ ಬರುತ್ತದೆ. ಮಗನ ಟೋಪಿ ಹೀಗೇ ಚಿಕ್ಕದಾಯಿತು. ಈಗ ನೂಲು ಹಾಯುವ ಬೆರಳು ಸಡಿಲ ಬಿಡುತ್ತೇನೆ. ಅಕ್ರಿಲಿಕ್, ಉಣ್ಣೆ ಆದರೆ ಎರಡು ಸಲ ಸುತ್ತುತ್ತೇನೆ. ಮೊದಲ ಕೇಕ್‌ನ ನಡುವಿನಿಂದ ನೂಲು ತೆಗೆದು ಎರಡನೆಯದು ಸುತ್ತಿದರೆ ಅದು ಮೆತ್ತಗೆ ಬರುತ್ತದೆ. ಒತ್ತಿದರೆ ಬೆರಳು ಒಳಗೆ ಹೋಗಬೇಕು.

ಇನ್ನೊಂದು, ಮಳೆಗಾಲದಲ್ಲಿ ಮನೆಯ ನೂಲನ್ನೆಲ್ಲ ಒಂದೇ ದಿನ ಸುತ್ತಿಟ್ಟಿದ್ದು. ಜುಲೈ ತಿಂಗಳು, ಗೋಡೆಯೇ ಬೆವರುವ ದಿನಗಳು. ಹದಿನೆಂಟು ಕಾಟನ್ ಕೇಕ್ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟೆ. ಸೆಪ್ಟೆಂಬರ್‌ನಲ್ಲಿ ತೆಗೆದರೆ ಹೊರಗೆ ಚೆನ್ನಾಗಿದೆ, ನಡುವಿನಿಂದ ಮುಗ್ಗಲು ವಾಸನೆ. ಐದು ಕೇಕ್‌ನ ಒಳಸುತ್ತಿಗೆ ಬೂಷ್ಟು ಹಿಡಿದಿತ್ತು. ನೂಲು ಸುತ್ತುವಾಗಲೇ ತೇವ ಒಳಗೆ ಸೇರಿಕೊಂಡಿತ್ತು, ಹೊರಗೆ ಹೋಗಲು ದಾರಿ ಇರಲಿಲ್ಲ. ಈಗ ಲಡಿ ಲಡಿಯಾಗೇ ಬಟ್ಟೆ ಚೀಲದಲ್ಲಿಡುತ್ತೇನೆ. ಆ ವಾರಕ್ಕೆ ಬೇಕಾದಷ್ಟೇ ಸುತ್ತುತ್ತೇನೆ. ಮುಂಬೈ ಕಡೆ ಇರುವವರು ಇದನ್ನು ದಯವಿಟ್ಟು ನೆನಪಿಡಿ.

ನಡುವಿನಿಂದ ಎಳೆಯಬೇಕಾ, ಹೊರಗಿನಿಂದಲಾ? ಮೊದಲು ನಡುವಿನಿಂದಲೇ ಎಳೆಯುತ್ತಿದ್ದೆ. ಕೊನೆಯ 15-20 ಗ್ರಾಂ ಉಳಿದಾಗ ಕೇಕ್ ಕುಸಿದು ಮತ್ತೆ ಸಿಕ್ಕು. ಹೊಳಪಿನ ಕಾಟನ್, ವಿಸ್ಕೋಸ್ ಆದರೆ ಇನ್ನೂ ಬೇಗ ಕುಸಿಯುತ್ತದೆ. ಅದೂ ಅಲ್ಲದೆ, ಕೂತ ಕೇಕ್‌ನ ನಡುವಿನಿಂದ ಎಳೆದಾಗ ಪ್ರತಿ ಸುತ್ತಿಗೆ ನೂಲಿನ ತಿರುಚು ಒಂದೊಂದು ಹೆಚ್ಚುತ್ತದೆ ಇಲ್ಲವೇ ಕಡಿಮೆ ಆಗುತ್ತದೆ. ನೂಲು ತನ್ನ ಮೇಲೇ ಮುರುಟಿಕೊಳ್ಳುವುದು, ಎಳೆ ಬಿಚ್ಚಿ ಕಡ್ಡಿಯ ಮೂತಿಗೆ ಅರ್ಧವೇ ಸಿಗುವುದು, ಇವು ಹೀಗೂ ಆಗುತ್ತವೆ. ಹಳೆಯ ಸಿಡಿ ಡಬ್ಬಿಯ ತಳದಲ್ಲಿ ನೆಟ್ಟಗೆ ನಿಲ್ಲುವ ಗೂಟ ಇರುತ್ತದಲ್ಲ, ಮನೆಯಲ್ಲಿ ಕೂತಾಗ ಕೇಕ್ ಅದಕ್ಕೆ ಸಿಕ್ಕಿಸಿ ಹೊರಗಿನಿಂದ ಎಳೆಯುತ್ತೇನೆ. ಕೇಕೇ ತಿರುಗುತ್ತದೆ, ನೂಲಿಗೆ ತಿರುಚು ಸೇರುವುದಿಲ್ಲ. ಟ್ರೇನಿನಲ್ಲಿ ನಡುವಿನಿಂದ. ಆಗ ಮುರುಟಿದರೆ ಕಡ್ಡಿಯನ್ನು ಕುಣಿಕೆಯಲ್ಲಿ ಭದ್ರ ಮಾಡಿ ಹೆಣಿಕೆಯನ್ನು ಗಾಳಿಯಲ್ಲಿ ತೂಗಬಿಡಿ. ಅದು ತಾನೇ ಸುತ್ತಿ ನೆಟ್ಟಗಾಗುತ್ತದೆ.

ಅಡುಗೆಮನೆಯ ತಕ್ಕಡಿಯನ್ನು ಇದರ ಜೊತೆಗೆ ಇಟ್ಟುಕೊಂಡದ್ದು ನನಗೆ ತುಂಬ ಇಷ್ಟವಾದ ವಿಷಯ. ಎರಡು ಬದಿಗೆ ಒಂದೇ ಅಳತೆ ಬೇಕಾದರೆ ನೂರು ಗ್ರಾಂ ಅನ್ನು 50, 50 ಮಾಡಿಕೊಳ್ಳುತ್ತೇನೆ. ಅಂಚು ಹಾಕುವಾಗ ಒಂದು ಸಾಲಿನ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೇಕ್ ತೂಗುತ್ತೇನೆ. ಸಾಲಿಗೆ 6 ಗ್ರಾಂ ಹೋಗಿ 11 ಗ್ರಾಂ ಉಳಿದಿದ್ದರೆ ಇನ್ನೊಂದೇ ಸಾಲು ಸಾಧ್ಯ. ಸಾಲಿನ ನಡುವೆ ನೂಲು ಮುಗಿದು ಬಿಚ್ಚುವ ಪಾಡು ತಪ್ಪಿದೆ.

ಯಂತ್ರದಿಂದ ಪರಿಹಾರ ಆಗದ ತೊಂದರೆಗಳೂ ಇವೆ, ಅವನ್ನೂ ಹೇಳಬೇಕು. ರಂಗೋಲಿ ಮ್ಯಾಟ್ ಬಟ್ಟಲಿನಂತೆ ಮೇಲೇಳುತ್ತದೆ ಎಂದರೆ ಕಂಬ ಕಡಿಮೆ ಆಗಿದೆ. ನಿರಿಗೆಯಂತೆ ಅಲೆ ಬಂದರೆ ಜಾಸ್ತಿ ಆಗಿದೆ. ಸಿಂಗಲ್ ಕ್ರೋಶಾ ಎಂಬ ಗಿಡ್ಡ ಕಂಬದಲ್ಲಿ 6ರಿಂದ ಶುರು ಮಾಡಿ ಪ್ರತಿ ಸುತ್ತಿಗೆ 6 ಸೇರಿಸುತ್ತಾ ಹೋಗಬೇಕು: 6, 12, 18, 24. ಡಬಲ್ ಕ್ರೋಶಾ ಎಂಬ ಉದ್ದ ಕಂಬ ಆದರೆ 12, 24, 36. ಪಟ್ಟಿ ಹೋಗ್ತಾ ಹೋಗ್ತಾ ಕಿರಿದಾದರೆ ಸಾಲಿನ ಕೊನೆಯ ಕಂಬ ತಪ್ಪುತ್ತಿದೆ. ಮೊದಲ ಮತ್ತು ಕೊನೆಯ ಕಂಬಕ್ಕೆ ಬೇರೆ ಬಣ್ಣದ ನೂಲಿನ ತುಂಡು ಸಿಕ್ಕಿಸಿ, ಪ್ರತಿ ಸಾಲಿಗೂ ಎಣಿಸಿ. ಬುಡದ ಚೈನ್, ಅಂದರೆ ಶುರುವಿನಲ್ಲಿ ಹಾಕುವ ಕುಣಿಕೆಗಳ ಸರ, ಬಿಗಿಯಾಗಿ ಕೆಳಭಾಗ ಬಿಲ್ಲಿನಂತೆ ಬಾಗಿದರೆ ಚೈನ್ ಅಷ್ಟನ್ನೂ ಒಂದು ನಂಬರ್ ದೊಡ್ಡ ಕಡ್ಡಿಯಲ್ಲಿ ಹಾಕಿ. ವೀಡಿಯೊ ನೋಡಿ ಹಾಕುವವರು ಅದು ಅಮೆರಿಕದ್ದೋ ಬ್ರಿಟನ್ನಿನದ್ದೋ ತಿಳಿದುಕೊಳ್ಳಿ. ಅಮೆರಿಕದ ಸಿಂಗಲ್ ಕ್ರೋಶಾಕ್ಕೆ ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುತ್ತಾರೆ.

ಸೀರೆ ಕುಚ್ಚಿಗೂ ಇದು ಆಗಿಬರುವುದಿಲ್ಲ. ಕುಚ್ಚಿನ ರೇಷ್ಮೆ ದಾರ ಸಣ್ಣ, ಜಾರುವಂಥದ್ದು. ಗೂಟದಿಂದ ಕೆಳಗಿಳಿದು ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಎರಡು ಸಲ ಪ್ರಯತ್ನಿಸಿ ಬಿಟ್ಟೆ. ಅದಕ್ಕೆ ರಟ್ಟಿನ ತುಂಡಿಗೆ ಕೈಯಲ್ಲಿ ಸುತ್ತುವುದೇ ಸರಿ.

ಯಂತ್ರದ ಕೊರತೆ ಈಗ. ಡಬ್ಬಿಯ ಮೇಲೆ 150 ಗ್ರಾಂ ಎಂದು ಬರೆದಿದೆ. ಸಣ್ಣ ನೂಲಿಗೆ ಆಗಬಹುದು, ದಪ್ಪ ಉಲ್ಲನ್ ಆದರೆ ನೂರಕ್ಕೇ ಕೇಕ್ ತಂತಿಗೆ ಉಜ್ಜುತ್ತದೆ. ಮೊದಲ ಹತ್ತು ಸುತ್ತು ನಿಧಾನವಾಗಿ ತಿರುಗಿಸದಿದ್ದರೆ ನೂಲು ಗೂಟದ ಕೆಳಗೆ ನುಸುಳುತ್ತದೆ. ಕ್ಲ್ಯಾಂಪ್ ಮೇಜಿನ ಮರಕ್ಕೆ ಗುರುತು ಮಾಡಿದೆ. ಈಗ ಹಳೆಯ ರಬ್ಬರ್ ಚಪ್ಪಲಿಯ ತುಂಡು ನಡುವೆ ಇಡುತ್ತೇನೆ. ಶಬ್ದವೂ ಇದೆ, ಮಗು ಮಲಗಿದ ಮನೆಯಲ್ಲಿ ಕಷ್ಟ.

ದೊಡ್ಡ ತೊಂದರೆ 2023ರ ಕೊನೆಯಲ್ಲಿ ಬಂತು. ತಿರುಗಿಸುವಾಗ ಕಟಕಟ ಶಬ್ದ, ಗೂಟ ತಡೆದು ತಡೆದು ಸುತ್ತುತ್ತಿತ್ತು. ತಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಅಚ್ಚಿನ ಸುತ್ತ ನೂಲಿನ ಜುಂಗು ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆ. ಒಂದು ಪ್ಲಾಸ್ಟಿಕ್ ಚಕ್ರದ ಎರಡು ಹಲ್ಲು ಸವೆದಿದ್ದವು. ಮಾರಿದವರಿಗೆ ಮೂರು ಸಲ ಬರೆದೆ, ಬಿಡಿಭಾಗ ಇಲ್ಲ ಎಂದರು, ಆಮೇಲೆ ಉತ್ತರವೇ ಇಲ್ಲ. ಇಷ್ಟು ಒಳ್ಳೆಯ ಸಾಮಾನಿಗೆ ಒಂದು ಚಕ್ರ ಸಿಗದೆ ಇರುವುದು ನನಗೆ ಈಗಲೂ ಬೇಜಾರು. ಅಂದಿನಿಂದ ಎರಡು ತಿಂಗಳಿಗೊಮ್ಮೆ ಬಿಚ್ಚಿ ಜುಂಗು ತೆಗೆಯುತ್ತೇನೆ, ನಿಧಾನವಾಗಿ ತಿರುಗಿಸುತ್ತೇನೆ. ಎಣ್ಣೆ ಹಾಕುವುದಿಲ್ಲ, ನೂಲಿಗೆ ಕಲೆ ಆಗುತ್ತದೆ. ಇನ್ನೂ ನಡೆಯುತ್ತಿದೆ.

ತಿಂಗಳಿಗೆ ಒಂದೆರಡು ಉಂಡೆ ಹೆಣೆಯುವವರಿಗೆ ಇದು ಬೇಡ. ಎರಡು ಬೆರಳಿಗೆ ಎಂಟರ ಆಕಾರದಲ್ಲಿ ಸುತ್ತಿಕೊಂಡರೂ ಸಿಕ್ಕಾಗುವುದಿಲ್ಲ. ಲಡಿಯಲ್ಲಿ ನೂಲು ಕೊಳ್ಳುವವರು, ಆರ್ಡರ್ ಮೇಲೆ ತೋರಣ ಹಾಕುವವರು, ಮಂಡಿಗೆ ಲಡಿ ಹಾಕಿಕೊಂಡು ಕೂರಲು ಆಗದ ವಯಸ್ಸಿನವರು ಖಂಡಿತ ಕೊಳ್ಳಿ. ಕಾಕುಗೆ ಎಪ್ಪತ್ತು ದಾಟಿದೆ. ಪ್ರತಿ ಶನಿವಾರ ತಮ್ಮ ಲಡಿಗಳನ್ನು ತಂದು ನಮ್ಮ ಮೇಜಿನಲ್ಲೇ ಸುತ್ತಿಕೊಂಡು ಹೋಗುತ್ತಾರೆ. ನನ್ನ ಯಂತ್ರ ಪೂರ್ತಿ ಕೆಟ್ಟ ದಿನ ಇಂಥದ್ದೇ ಇನ್ನೊಂದು ಕೊಳ್ಳುತ್ತೇನೆ. ಆದರೆ ದುಡ್ಡು ಕೊಡುವ ಮುಂಚೆ ಬಿಡಿ ಚಕ್ರ ಸಿಗುತ್ತದಾ ಎಂದು ಕೇಳಿ, ಆ ಚಕ್ರವನ್ನೂ ಜೊತೆಗೇ ತರಿಸಿಕೊಳ್ಳುತ್ತೇನೆ.