ಗೇಮ್ ಡೆವಲಪ್‌ಮೆಂಟ್ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಮೈಸೂರಲ್ಲಿ ಗೇಮ್ ಡೆವಲಪ್‌ಮೆಂಟ್ ಕೋರ್ಸ್ ಹುಡುಕುತ್ತಿರುವವರು, ಅದರಲ್ಲೂ ಮಕ್ಕಳಿಗಾಗಿ ದುಡ್ಡು ಕಟ್ಟಲು ಹೊರಟಿರುವ ಅಪ್ಪ ಅಮ್ಮಂದಿರು, ದಯವಿಟ್ಟು ಪೂರ್ತಿ ಓದಿ. ನಮ್ಮ ಮನೆಗೆ ಆದ ನಷ್ಟ ಇನ್ನೊಂದು ಮನೆಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ಗ್ರಾಹಕರ ಆಯೋಗಕ್ಕೆ ನಾವು ಕೊಟ್ಟ ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಸಂಸ್ಥೆಯ ಹೆಸರು ಹಾಕಿಲ್ಲ.

ನಮ್ಮದು ಮಂಡ್ಯದ ಹತ್ತಿರ ಒಂದು ಹಳ್ಳಿ. ತಮ್ಮ ಮಂಡ್ಯದಲ್ಲೇ ಬಿಸಿಎ ಓದುತ್ತಿದ್ದಾನೆ. ಸ್ವಂತ ಗೇಮ್ ಮಾಡಬೇಕು ಅನ್ನೋದು ಹೈಸ್ಕೂಲಿನಿಂದಲೂ ಅವನಿಗಿರುವ ಆಸೆ. ಕಾಲೇಜಲ್ಲಿ ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಕಲಿಸಿದ್ದರು, ಅಷ್ಟೇ. ಶನಿವಾರ, ಭಾನುವಾರ ಮೈಸೂರಲ್ಲಿ ಕ್ಲಾಸ್ ಇದೆ ಅಂತ ಜಾಹೀರಾತು ನೋಡಿ, ಅಪ್ಪಾಜಿಯನ್ನು ಕರೆದುಕೊಂಡು ಹೋದ.

ಅಲ್ಲಿ ದೊಡ್ಡ ಪರದೆ ಮೇಲೆ ಕಾಡಿನಲ್ಲಿ ಓಡುವ ಗೇಮ್ ಒಂದನ್ನು ತೋರಿಸಿದರಂತೆ. 'ಆರು ತಿಂಗಳಲ್ಲಿ ನಿಮ್ಮ ಹುಡುಗನೂ ಇಂಥದ್ದು ಮಾಡ್ತಾನೆ ಸಾರ್. ಪ್ಲೇ ಸ್ಟೋರ್‌ಗೂ ಹಾಕ್ತೀವಿ. ಕೆಲಸ ಗ್ಯಾರಂಟಿ.' ಫೀಸು 85 ಸಾವಿರ. ಅಷ್ಟೊಂದು ಒಟ್ಟಿಗೆ ಆಗಲ್ಲ ಅಂದಿದ್ದಕ್ಕೆ, ತಿಂಗಳು ತಿಂಗಳು ಕಟ್ಟಿ, ಬಡ್ಡಿ ಇಲ್ಲ ಅಂದರು. ಅಪ್ಪಾಜಿಯ ಆಧಾರ್, ಪ್ಯಾನ್ ತಗೊಂಡು, ಅವರ ಫೋನಿಗೆ ಬಂದ ಒಟಿಪಿಯನ್ನು ಅಲ್ಲಿನ ಹುಡುಗಿಯೇ ನೋಡಿ ಒತ್ತಿದಳು. ಅದು ಫೀಸಿನ ಕಂತಲ್ಲ. ಫೈನಾನ್ಸ್ ಕಂಪನಿಯೊಂದು ಅಪ್ಪಾಜಿಯ ಹೆಸರಲ್ಲಿ ಕೊಟ್ಟ ಸಾಲ. ಪೂರ್ತಿ ದುಡ್ಡು ಸಂಸ್ಥೆಗೆ ಸಂದಾಯವಾಗಿಬಿಟ್ಟಿತ್ತು. ಮೊದಲ ಕಂತು ಬ್ಯಾಂಕಿನಲ್ಲಿ ಕಟ್ ಆಗಿ ಮೆಸೇಜ್ ಬಂದಾಗಲೇ ನಮಗೆ ಇದು ತಿಳಿದದ್ದು.

ಇನ್ನು ಪಾಠದ ವಿಷಯ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೂ ಕಲಿಸುತ್ತೇವೆ ಅಂದಿದ್ದವರು ಮೊದಲ ದಿನವೇ ಯೂನಿಟಿ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್ ತೆರೆದು, ರೆಡಿ ಇದ್ದ ಓಟದ ಗೇಮ್‌ನ ಫೈಲುಗಳನ್ನು ಎಲ್ಲರಿಗೂ ಹಂಚಿದರು. ವೇರಿಯಬಲ್ ಅಂದರೇನು, ಲೂಪ್ ಅಂದರೇನು, ಫಂಕ್ಷನ್ ಯಾಕೆ ಬೇಕು, ಯಾವುದೂ ಇಲ್ಲ. ಓಡುವ ಮನುಷ್ಯನ ಚಿತ್ರ ತೆಗೆದು ನಿಮಗೆ ಇಷ್ಟವಾದ ಚಿತ್ರ ಹಾಕಿ ಅಂದರು. ತಮ್ಮ ದಸರಾ ಆನೆ ಹಾಕಿದ, ಹಿಂದೆ ಚಾಮುಂಡಿ ಬೆಟ್ಟ. ಪಕ್ಕದವನು ಆಟೋ ಹಾಕಿದ. ಒಳಗಿನ ಕೋಡ್ ಎಲ್ಲರದ್ದೂ ಒಂದೇ. ಯಾರೋ ಕಟ್ಟಿದ ಮನೆಗೆ ಸುಣ್ಣ ಬಳಿದ ಹಾಗೆ. ಆದರೆ ಕಲಿಯುವ ಹುಡುಗರಿಗೆ ಅದು ತಿಳಿಯುವುದಾದರೂ ಹೇಗೆ? ಪರದೆ ಮೇಲೆ ಆನೆ ಓಡುತ್ತಿದೆ, ಮನೆಯವರಿಗೆಲ್ಲ ಖುಷಿ.

ಮನೆಯ ಲ್ಯಾಪ್‌ಟಾಪಿಗೆ ಹಾಕಿ ಓಡಿಸಿದಾಗ ನಿಜ ಹೊರಬಂತು. ಸಂಸ್ಥೆಯ ಹಳೇ ಕಂಪ್ಯೂಟರಲ್ಲಿ ಸರಿಯಾಗಿ ಓಡುತ್ತಿದ್ದ ಆನೆ ಇಲ್ಲಿ ಎರಡು ಪಟ್ಟು ಜೋರಾಗಿ ಓಡಿ ಮೊದಲ ಕಲ್ಲಿಗೇ ಡಿಕ್ಕಿ ಹೊಡೆಯುತ್ತಿತ್ತು. 'ಅಕ್ಕ, ನಾನೇನೂ ಮುಟ್ಟಿಲ್ಲ, ಯಾಕೆ ಹಿಂಗಾಗ್ತಿದೆ?' ಅಂತ ತಮ್ಮ ಗಾಬರಿಯಾದ. ಕಲಿಸುವವರನ್ನು ಕೇಳಿದರೆ, ನಿನ್ನ ಲ್ಯಾಪ್‌ಟಾಪ್ ಸರಿ ಇಲ್ಲ, ರ‍್ಯಾಮ್ ಹಾಕಿಸು ಅಂದರಂತೆ.

ಇಬ್ಬರೂ ಕೂತು ಯೂನಿಟಿಯವರೇ ಉಚಿತವಾಗಿ ಇಟ್ಟಿರುವ ಪಾಠ ನೋಡಿದೆವು. ಶುರುವಿನ ಪಾಠಗಳಲ್ಲೇ ಉತ್ತರ ಇತ್ತು. ಯಾವುದೇ ಗೇಮ್ ಅಂದರೆ ನಿಲ್ಲದೆ ತಿರುಗುವ ಒಂದು ಸುತ್ತು. ಆಟಗಾರ ಯಾವ ಕೀ ಒತ್ತಿದ್ದಾನೆ ಅಂತ ನೋಡು, ಯಾರು ಎಲ್ಲಿದ್ದಾರೆ ಲೆಕ್ಕ ಹಾಕು, ಚಿತ್ರ ಬರೆ, ಮತ್ತೆ ಮೊದಲಿಂದ. ಹೀಗೆ ಬರೆದ ಒಂದೊಂದು ಚಿತ್ರವೂ ಒಂದು ಫ್ರೇಮ್. ಅವರು ಕೊಟ್ಟ ಕೋಡಲ್ಲಿ, ಪ್ರತಿ ಫ್ರೇಮಿಗೆ ಆನೆಯನ್ನು 0.1 ಅಳತೆಯಷ್ಟು ಮುಂದೆ ಸರಿಸು ಅಂತ ಇತ್ತು. ಸೆಕೆಂಡಿಗೆ 30 ಫ್ರೇಮ್ ಬರೆಯುವ ಕಂಪ್ಯೂಟರಲ್ಲಿ ಆನೆ ಒಂದು ಸೆಕೆಂಡಿಗೆ 3 ಅಳತೆ ಹೋಗುತ್ತೆ. 60 ಬರೆಯುವ ಲ್ಯಾಪ್‌ಟಾಪಲ್ಲಿ 6 ಹೋಗುತ್ತೆ. ಒಂದು ಸೆಕೆಂಡಿಗೆ ಎಷ್ಟು ದೂರ ಅಂತ ಬರೆದು, ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ ಅದನ್ನು ಗುಣಿಸಬೇಕು. ಆ ಸಮಯಕ್ಕೆ ಡೆಲ್ಟಾ ಟೈಮ್ ಅಂತಾರೆ. ಆ ಒಂದು ಸಾಲು ತಿದ್ದಿದ ಮೇಲೆ ಎರಡೂ ಕಡೆ ಆನೆ ಒಂದೇ ವೇಗದಲ್ಲಿ ಓಡಿತು. ಗೇಮ್ ಕಲಿಯುವವರು ಮೊದಲ ವಾರವೇ ತಿಳಿಯಬೇಕಾದ ಸಂಗತಿ ಇದು. 85 ಸಾವಿರ ತಗೊಂಡವರಿಗೆ ಇದು ಗೊತ್ತಿಲ್ಲ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಆಮೇಲೆ ಆನೆ ಗಾಳಿಯಲ್ಲೇ ಇನ್ನೊಂದು ಸಲ ಹಾರಬೇಕು, ಹೇಗೆ ಮಾಡೋದು ಅಂತ ತಮ್ಮ ಕೇಳಿದ್ದಕ್ಕೆ, ಅದು ಸಿಲಬಸ್‌ನಲ್ಲಿ ಇಲ್ಲ ಅಂದರು. ಸ್ವಲ್ಪ ದಿನಕ್ಕೆ ಕಲಿಸುವವರೇ ಕೆಲಸ ಬಿಟ್ಟರು. ಕ್ಲಾಸ್ ಬದಲು ವಿಡಿಯೋ ಲಿಂಕ್ ಬರತೊಡಗಿತು. ರೈಲಲ್ಲಿ ಮೈಸೂರಿಗೆ ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ವಾಪಸ್ ಬಂದದ್ದೂ ಉಂಟು.

ಪ್ಲೇ ಸ್ಟೋರ್ ಮಾತೂ ಹಾಗೇ ಆಯಿತು. ಎಲ್ಲ ಹುಡುಗರ ಗೇಮನ್ನೂ ಸಂಸ್ಥೆಯ ಅಕೌಂಟಿನಲ್ಲೇ ಹಾಕಿದರು. ಸ್ವಲ್ಪ ದಿನದಲ್ಲಿ ಅವು ಅಲ್ಲಿ ಕಾಣಲೇ ಇಲ್ಲ. ಚಿತ್ರ ಬದಲಿಸಿ ಒಂದೇ ಥರದ ಆಪ್‌ಗಳನ್ನು ಮತ್ತೆ ಮತ್ತೆ ಹಾಕುವುದನ್ನು ಗೂಗಲ್ ನಿಯಮ ಒಪ್ಪಲ್ಲ. ನಿಮ್ಮದೇ ಅಕೌಂಟ್ ಬೇಕು ಅಂದರೆ ಒಂದೇ ಸಲ 25 ಡಾಲರ್ ಕಟ್ಟಿದರೆ ಸಾಕು. ಹೊಸದಾಗಿ ವೈಯಕ್ತಿಕ ಅಕೌಂಟ್ ತೆರೆದವರು ಕನಿಷ್ಠ 12 ಜನರಿಂದ, 14 ದಿನ ಬಿಡದೆ ಗೇಮನ್ನು ಪರೀಕ್ಷೆ ಮಾಡಿಸಬೇಕು, ಆಮೇಲೆ ಎಲ್ಲರಿಗೂ ಬಿಡಲು ಗೂಗಲ್ ಹತ್ತಿರ ಅನುಮತಿ ಕೇಳಬಹುದು. ಇದನ್ನು ಮನೆಯಲ್ಲೇ ಕೂತು ಮಾಡಬಹುದು, ಅಲ್ವಾ?

ದುಡ್ಡು ವಾಪಸ್ ಕೇಳಿದಾಗ ಸಂಸ್ಥೆಯವರು ಹೇಳಿದ್ದು, ಲೋನ್ ನಿಮ್ಮ ಹೆಸರಲ್ಲಿದೆ, ಫೈನಾನ್ಸ್‌ನವರ ಹತ್ತಿರ ಮಾತಾಡಿ ಅಂತ. ಫೈನಾನ್ಸ್‌ನವರು ಹೇಳಿದ್ದು, ಕೋರ್ಸಿಗೂ ನಮಗೂ ಸಂಬಂಧ ಇಲ್ಲ ಅಂತ. ನಮ್ಮದು ಕಬ್ಬಿನ ಮನೆ. ಕಬ್ಬಿನ ದುಡ್ಡು ತಿಂಗಳು ತಿಂಗಳು ಬರಲ್ಲ, ಬರುವಾಗಲೂ ತಡವಾಗುತ್ತೆ. ಕಂತು ಮಾತ್ರ ಪ್ರತಿ ತಿಂಗಳೂ ಕಟ್ ಆಗಲೇಬೇಕು. ಬೌನ್ಸ್ ಆದರೆ ದಂಡ, ಸಿಬಿಲ್ ಸ್ಕೋರ್ ಬೀಳುತ್ತೆ, ನಾಳೆ ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ತೊಂದರೆ. ಆ ಹೆದರಿಕೆಗೆ ಅಪ್ಪಾಜಿ ಈಗಲೂ ಕಟ್ಟುತ್ತಿದ್ದಾರೆ, ನಡೆಯದ ಕ್ಲಾಸಿಗೆ.

ಹಾಗಾಗಿ ಒಟಿಪಿ ಕೇಳಿದ ತಕ್ಷಣ ಕೈ ತಡೆಯಿರಿ. ಇದು ಫೀಸಾ, ಸಾಲವಾ, ಕೊಡುವ ಕಂಪನಿ ಯಾವುದು ಅಂತ ಬರವಣಿಗೆಯಲ್ಲಿ ಕೇಳಿ. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ತಂದಿದೆ. ಒಪ್ಪಂದಕ್ಕೆ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನೋ ಕಾಗದ ಕೊಡಲೇಬೇಕು. ವರ್ಷಕ್ಕೆ ಒಟ್ಟು ಎಷ್ಟು ಖರ್ಚು ಬೀಳುತ್ತೆ ಅನ್ನೋದು ಅದರಲ್ಲಿರುತ್ತೆ. ಸಾಲ ಬೇಡ ಅನಿಸಿದರೆ ದಂಡವಿಲ್ಲದೆ ವಾಪಸ್ ಕೊಡಲು ಕೂಲಿಂಗ್ ಆಫ್ ಅಂತ ಸ್ವಲ್ಪ ಅವಧಿಯೂ ಇರುತ್ತೆ. ತುಂಬಾ ಕಡಿಮೆ ದಿನ, ಅದಕ್ಕೇ ಆ ಕಾಗದವನ್ನು ಅವತ್ತೇ ಓದಬೇಕು.

ಕೋರ್ಸ್ ಒಳ್ಳೆಯದೋ ಅಲ್ಲವೋ ನೋಡಲು ಡೆಮೊ ದಿನ ಹೋಗಬೇಡಿ. ಮಾಮೂಲಿ ಕ್ಲಾಸ್ ನಡೆಯುವಾಗ ಮಗುವನ್ನು ಒಂದು ಗಂಟೆ ಕೂರಿಸಿ ಅಂತ ಕೇಳಿ. ಖಾಲಿ ಪ್ರಾಜೆಕ್ಟ್‌ನಿಂದ ಶುರು ಮಾಡಿಸುತ್ತಾರಾ, ಕಲಿಸುವವರು ತಾವೇ ಮಾಡಿದ ಗೇಮ್ ತೋರಿಸುತ್ತಾರಾ ಅಂತ ನೋಡಿ. ಇಷ್ಟಕ್ಕೂ ಒಪ್ಪದವರ ಹತ್ತಿರ ಕಲಿಯಲು ಏನೂ ಇಲ್ಲ.

ಸಾಫ್ಟ್‌ವೇರಿಗೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಕಲಿಯುವವರಿಗೆ ಯೂನಿಟಿ ಉಚಿತ. ಗೊಡೊ ಅನ್ನೋ ಇನ್ನೊಂದು ಗೇಮ್ ಮಾಡುವ ಸಾಫ್ಟ್‌ವೇರ್ 2014ರಿಂದ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ, ಡೌನ್‌ಲೋಡ್ ಮಾಡಿ ಅನ್‌ಜಿಪ್ ಮಾಡಿದರೆ ಸಾಕು, ಇನ್‌ಸ್ಟಾಲ್ ಕೂಡ ಬೇಡ. ಅದರಲ್ಲಿ ಕೋಡ್ ಬರೆಯುವ ಜಿಡಿಸ್ಕ್ರಿಪ್ಟ್ ಭಾಷೆ ನೋಡಲು ಪೈಥಾನ್ ಅನ್ನೋ ಸುಲಭದ ಪ್ರೋಗ್ರಾಮಿಂಗ್ ಭಾಷೆಯ ಥರ ಇರುತ್ತೆ, ಮೊದಲ 2ಡಿ ಗೇಮ್ ಮಾಡುವ ಪಾಠ ಅವರ ದಾಖಲೆಯಲ್ಲೇ ಇದೆ. ಇನ್ನೂ ಚಿಕ್ಕ ಮಕ್ಕಳಿಗೆ, ಬ್ಲಾಕ್ ಜೋಡಿಸಿ ಗೇಮ್ ಮಾಡುವ ಸ್ಕ್ರ್ಯಾಚ್ ಇದೆ.

ತಮ್ಮ ಈಗ ಗೊಡೊದಲ್ಲಿ ಪಾಂಗ್ ಮಾಡುತ್ತಿದ್ದಾನೆ. 1972ರಲ್ಲಿ ಅಟಾರಿಯವರು ತಂದ ಆಟ ಅದು. ಎರಡು ಹಲಗೆ, ಒಂದು ಚೆಂಡು, ಮೇಲೆ ಅಂಕ. ನೋಡಲು ಏನೂ ಇಲ್ಲ, ಆದರೆ ಕೀ ಓದುವುದು, ಚಲನೆ, ಡಿಕ್ಕಿ, ಅಂಕ, ಸೋಲು ಗೆಲುವು ಎಲ್ಲ ಅದರಲ್ಲಿದೆ. ಮೊನ್ನೆ ಚೆಂಡಿನ ವೇಗ ಜಾಸ್ತಿ ಮಾಡಿದರೆ ಅದು ಹಲಗೆಗೆ ತಾಗದೆ ಆ ಕಡೆ ಹೋಗಿಬಿಡುತ್ತಿತ್ತು. ಒಂದು ಫ್ರೇಮಲ್ಲಿ ಹಲಗೆಯ ಮುಂದೆ, ಮುಂದಿನ ಫ್ರೇಮಲ್ಲಿ ಹಿಂದೆ, ನಡುವೆ ಡಿಕ್ಕಿಯೇ ಇಲ್ಲ. ಇದನ್ನು ಅವನೇ ಕಾಗದದ ಮೇಲೆ ಬರೆದು ಕಂಡುಹಿಡಿದ. ಅಷ್ಟು ತಿಂಗಳ ಕ್ಲಾಸಲ್ಲಿ ಇಂಥ ಒಂದು ಸಂಜೆಯೂ ಅವನಿಗೆ ಸಿಕ್ಕಿರಲಿಲ್ಲ.

ಈಗಾಗಲೇ ಸಿಕ್ಕಿಕೊಂಡಿರುವವರು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ, ಆದರೆ ಎರಡು ವರ್ಷದ ಒಳಗೆ ಕೊಡಬೇಕು. ಫೈನಾನ್ಸ್ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು 30 ದಿನ ಕಾಯಿರಿ, ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿಗೆ ದೂರು ಕೊಡುವ ದಾರಿ ಇದೆ, ಮಾಹಿತಿಗೆ 14448. ಜಾಹೀರಾತಿನ ಫೋಟೊ, ರಸೀದಿ, ವಾಟ್ಸಾಪ್ ಮಾತು, ಕ್ಲಾಸಲ್ಲಿ ಕೊಟ್ಟ ಫೈಲು, ಏನನ್ನೂ ಅಳಿಸಬೇಡಿ. ನಾವು ಆಯೋಗಕ್ಕೆ ಕೊಟ್ಟ ದಾಖಲೆಯಲ್ಲಿ ತಮ್ಮನ ಆನೆಯ ಕೋಡ್, ಅವನ ಸ್ನೇಹಿತನ ಆಟೋದ ಕೋಡ್ ಎರಡೂ ಪಕ್ಕಪಕ್ಕದಲ್ಲಿವೆ.